ಕಾಫಿಯ ಹಣದಲ್ಲಿ ವಾಣಿಜ್ಯ ಕಟ್ಟಡ: ಏಳು ಮಂದಿ ಸೇರಿ ಕೊಳ್ಳಬಹುದೇ?

ನಾಪೋಕ್ಲು ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಈಚಿನ ವರ್ಷಗಳಲ್ಲಿ ಕಾಫಿಗೆ ಬಂದ ಬೆಲೆಯನ್ನು ನಮ್ಮ ಹಿರಿಯರು ಕಂಡಿರಲಿಲ್ಲ. ತೋಟದ ಸಾಲ ತೀರಿದೆ, ಕೈಯಲ್ಲಿ ಸ್ವಲ್ಪ ಉಳಿದಿದೆ. ಈ ಬೆಲೆ ಸದಾ ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದ್ದರಿಂದ ನಾವು ಏಳು ಮಂದಿ ಸೇರಿ ಬಾಡಿಗೆ ಬರುವ ಕಟ್ಟಡವೊಂದನ್ನು ಕೊಳ್ಳಬೇಕೆಂದು ಮಾತನಾಡಿಕೊಂಡಿದ್ದೇವೆ. ಮೂವರು ಒಂದೇ ಒಕ್ಕದವರು (ಒಂದೇ ಮನೆತನದವರು), ಉಳಿದವರು ಶಾಲೆಯ ದಿನಗಳಿಂದ ಗೆಳೆಯರು.

ನೋಡಿರುವ ಕಟ್ಟಡ ಕುಶಾಲನಗರದಲ್ಲಿ ಮುಖ್ಯರಸ್ತೆಗೆ ಹತ್ತಿರದಲ್ಲಿದೆ. ನೆಲಮಹಡಿಯಲ್ಲಿ ನಾಲ್ಕು ಅಂಗಡಿ, ಮೊದಲ ಮಹಡಿಯಲ್ಲಿ ಒಂದು ಹಣಕಾಸು ಸಂಸ್ಥೆಯ ಕಚೇರಿ. ಎರಡನೇ ಮಹಡಿ ಈಗ ಖಾಲಿ. ಮಾಲೀಕರು 2 ಕೋಟಿ 60 ಲಕ್ಷ ಕೇಳುತ್ತಿದ್ದಾರೆ. ತಿಂಗಳಿಗೆ 1,15,000 ರೂಪಾಯಿ ಬಾಡಿಗೆ ಎಂದು ದಲ್ಲಾಳಿ ಹೇಳಿದ್ದಾನೆ. ಕಾಗದಪತ್ರ ನೋಡಲು, ಬಾಡಿಗೆದಾರರನ್ನು ಹುಡುಕಲು, ಗುಂಪನ್ನು ನಡೆಸಲು ಅನುಭವ ಇರುವವರು ದಯವಿಟ್ಟು ತಿಳಿಸಿ. ಈಗ ಮೊಬೈಲಿನಲ್ಲೇ ಎಲ್ಲವನ್ನೂ ನೋಡಬಹುದು ಎನ್ನುತ್ತಾರೆ, ಅದರ ಬಗ್ಗೆಯೂ ಹೇಳಿ.

ನಿವೃತ್ತ ಬ್ಯಾಂಕ್ ಮ್ಯಾನೇಜರ್, ವಿರಾಜಪೇಟೆ

ಮೊದಲ ಪ್ರಶ್ನೆ: ಆ 1,15,000ದಲ್ಲಿ ಖಾಲಿ ಇರುವ ಎರಡನೇ ಮಹಡಿಯ ಬಾಡಿಗೆಯೂ ಸೇರಿದೆಯೇ?

ನಾಪೋಕ್ಲು ಬೆಳೆಗಾರ

ಕೇಳಿದೆ ಸಾರ್. ಸೇರಿದೆಯಂತೆ. ಎರಡನೇ ಮಹಡಿಗೆ 30,000 ಬರುತ್ತದೆ ಎಂದು ಅಂದಾಜು ಹಾಕಿದ್ದಾರೆ. ಈಗ ಕೈಗೆ ಬರುತ್ತಿರುವುದು 85,000.

ನಿವೃತ್ತ ಬ್ಯಾಂಕ್ ಮ್ಯಾನೇಜರ್, ವಿರಾಜಪೇಟೆ

ಹಾಗಾದರೆ ಬರುತ್ತಿರುವ ಹಣದ ಲೆಕ್ಕವನ್ನೇ ಹಾಕೋಣ. ವರ್ಷಕ್ಕೆ 10 ಲಕ್ಷ 20 ಸಾವಿರ. ಆಸ್ತಿ ತೆರಿಗೆ, ವಿಮೆ, ಸಾಮಾನ್ಯ ರಿಪೇರಿ, ನೀರಿನ ಪಂಪು, ಮೆಟ್ಟಿಲು ಗುಡಿಸುವವರ ಸಂಬಳ ಎಂದು 1 ಲಕ್ಷ 70 ಸಾವಿರವನ್ನಾದರೂ ತೆಗೆದಿಡಿ. ಉಳಿಯುವುದು 8 ಲಕ್ಷ 50 ಸಾವಿರ.

ಇನ್ನು ನಿಮ್ಮ ಖರ್ಚು 2 ಕೋಟಿ 60 ಲಕ್ಷ ಮಾತ್ರವಲ್ಲ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಒಟ್ಟು ಶೇ 7.6 ಎಂದರೆ ಹತ್ತಿರಹತ್ತಿರ 20 ಲಕ್ಷ. ಅಲ್ಲಿಗೆ ನೀವು ಹಾಕುವ ಹಣ 2 ಕೋಟಿ 80 ಲಕ್ಷ, ವರ್ಷಕ್ಕೆ ಹುಟ್ಟುವುದು ಶೇ 3. ಎರಡನೇ ಮಹಡಿ ನಾಳೆಯೇ ಬಾಡಿಗೆಗೆ ಹೋದರೂ ಶೇ 4.3ಕ್ಕಿಂತ ಮೇಲೆ ಏರುವುದಿಲ್ಲ. ಇದಕ್ಕೆ ಸಾಲ ಮಾಡುವ ಯೋಚನೆ ಇದ್ದರೆ ಇಂದೇ ಬಿಟ್ಟುಬಿಡಿ. ವಾಣಿಜ್ಯ ಕಟ್ಟಡದ ಸಾಲಕ್ಕೆ ಗೃಹಸಾಲಕ್ಕಿಂತ ಬಡ್ಡಿ ಹೆಚ್ಚು. ಬರುವ ಬಾಡಿಗೆಯೆಲ್ಲ ಬಡ್ಡಿಗೇ ಹೋಗಿ, ಮೇಲೆ ತೋಟದಿಂದ ತಂದು ತುಂಬಬೇಕಾಗುತ್ತದೆ.

ಜಾಗದ ಬೆಲೆ ಏರುತ್ತದಲ್ಲ ಎಂದು ನೀವು ಕೇಳಬಹುದು. ಏರಬಹುದು. ಆದರೆ ಏರಿದ ಬೆಲೆ ಮಾರಿದ ದಿನ ಮಾತ್ರ ಕೈಗೆ ಸಿಗುತ್ತದೆ, ಮಾರಲು ಏಳು ಜನರೂ ಒಂದೇ ದಿನ ಒಪ್ಪಬೇಕು. ನನ್ನ ಸೇವೆಯಲ್ಲಿ ಅಂಥ ದಿನ ಬಂದದ್ದನ್ನು ನೋಡಿದ್ದು ಅಪರೂಪ. ಕಟ್ಟಡ ಕೆಟ್ಟದೆಂದು ನಾನು ಹೇಳುತ್ತಿಲ್ಲ, ಕೇಳುತ್ತಿರುವ ಬೆಲೆ ಹೆಚ್ಚು. ಈಗಿನ ಬಾಡಿಗೆಯ ಮೇಲೆ ಖರ್ಚು ಕಳೆದು ಶೇ 5 ಹುಟ್ಟಬೇಕಾದರೆ ನೋಂದಣಿಯೂ ಸೇರಿ 1 ಕೋಟಿ 70 ಲಕ್ಷಕ್ಕೆ ನಿಲ್ಲಬೇಕು.

ಮಡಿಕೇರಿ ಸಿವಿಲ್

ಸಾರ್ ಹೇಳಿದ ಲೆಕ್ಕದಲ್ಲಿ ರಿಪೇರಿಗೆ ಇನ್ನೂ ಸ್ವಲ್ಪ ಸೇರಿಸಿ. ನಮ್ಮ ಜಿಲ್ಲೆಯ ಕಟ್ಟಡಕ್ಕೆ ಬಯಲುಸೀಮೆಯ ಅಂದಾಜು ಹಿಡಿಯುವುದಿಲ್ಲ. ಕುಶಾಲನಗರದಲ್ಲಿ ಮಡಿಕೇರಿಯಷ್ಟು ಮಳೆ ಇಲ್ಲ ನಿಜ, ಆದರೆ ಅಲ್ಲಿ ನದಿಯ ಚಿಂತೆ. 2018 ಮತ್ತು 2019ರ ಆಗಸ್ಟಿನಲ್ಲಿ ಕಾವೇರಿ ದಡದ ಬಡಾವಣೆಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಹಾರಂಗಿ ಬಂದು ಕಾವೇರಿಯನ್ನು ಸೇರುವುದು ಕೂಡಿಗೆಯಲ್ಲಿ. ಜಲಾಶಯದಿಂದ ನೀರು ಬಿಡುವುದೂ ಕಾವೇರಿ ಉಕ್ಕುವುದೂ ಒಂದೇ ವಾರದಲ್ಲಿ ಬಂದರೆ ಏನಾಗುತ್ತದೆ ಎಂದು ಅಕ್ಕಪಕ್ಕದ ಹಳೆಯ ಅಂಗಡಿಯವರನ್ನು ಕೇಳಿ. ಅವರು ಗೋಡೆಯ ಮೇಲೆ ಕೈಯಿಟ್ಟು ನೀರು ಎಲ್ಲಿಯವರೆಗೆ ನಿಂತಿತ್ತೆಂದು ತೋರಿಸುತ್ತಾರೆ. ಹೊಸದಾಗಿ ಬಣ್ಣ ಬಳಿದ ಗೋಡೆಯಲ್ಲಿ ಆ ಗುರುತು ಕಾಣುವುದಿಲ್ಲ.

ಕಟ್ಟಡವನ್ನು ಜುಲೈ ತಿಂಗಳಲ್ಲಿ ಒಮ್ಮೆ ನೋಡಿ. ಬೇಸಿಗೆಯಲ್ಲಿ ನೋಡಿ ಮುಂಗಡ ಕೊಡಬೇಡಿ. ಟೆರೇಸಿನ ಮೇಲೆ ಶೀಟು ಹೊದೆಸಿದ್ದಾರೆಯೇ, ಶೀಟಿನ ನೀರು ಪಕ್ಕದ ಗೋಡೆಗೆ ಬೀಳುತ್ತದೆಯೇ ಪೈಪಿನಲ್ಲಿ ಇಳಿಯುತ್ತದೆಯೇ ನೋಡಿ. ನೈರುತ್ಯದ ಗೋಡೆಯನ್ನು ಒಳಗಿನಿಂದ ಮುಟ್ಟಿ ನೋಡಿ, ತಣ್ಣಗೆ ಒದ್ದೆ ಹತ್ತಿದರೆ ಗಾರೆಯೊಳಗೆ ನೀರು ಇಳಿದಿದೆ ಎಂದೇ ಅರ್ಥ. ಶಟರಿನ ಕೆಳಗಿನ ಪಟ್ಟಿ ತುಕ್ಕು ತಿಂದಿದೆಯೇ ಎಂಬುದನ್ನೂ ಬಗ್ಗಿ ನೋಡಿ.

ಮಡಿಕೇರಿ, ಸುಂಟಿಕೊಪ್ಪದ ಕಡೆ ನೋಡುವವರಿಗೆ ಇನ್ನೊಂದು ಮಾತು. ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಕಟ್ಟಿದ ಕಟ್ಟಡವಾದರೆ ಮುಂದಿನ ಗಾಜಿಗೆ ಮರುಳಾಗದೆ ಹಿಂದಕ್ಕೆ ಹೋಗಿ. ತಡೆಗೋಡೆಯಲ್ಲಿ ನೀರು ಹೊರಬರಲು ತೂತುಗಳಿವೆಯೇ, ಮಳೆಗಾಲದಲ್ಲಿ ಅವುಗಳಿಂದ ನೀರು ಬರುತ್ತಿದೆಯೇ? ಗೋಡೆಯ ಹೊಟ್ಟೆ ಮುಂದಕ್ಕೆ ಉಬ್ಬಿದ್ದರೆ ಅಲ್ಲಿಂದಲೇ ವಾಪಸಾಗಿ. 2018ರಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಇಳಿದದ್ದನ್ನು ನೋಡಿದ ಮೇಲೂ ಬರೆಯ ಬುಡದಲ್ಲಿ ಮೂರು ಮಹಡಿ ಎಬ್ಬಿಸುವುದು ನಿಂತಿಲ್ಲ ಎಂಬುದು ನನಗೆ ಬಹಳ ನೋವಿನ ಸಂಗತಿ. ಬಾಡಿಗೆ ಎಷ್ಟೇ ಬರಲಿ, ಅಂಥ ಕಟ್ಟಡದೊಳಗೆ ನಾಲ್ಕು ಜನರನ್ನು ಕೂರಿಸುವ ಹಕ್ಕು ನಮಗಿಲ್ಲ.

ಬೆಂಗಳೂರಿನಲ್ಲಿರುವ ಗೋಣಿಕೊಪ್ಪದವಳು

ನಾನು ಕಚೇರಿ ಕಟ್ಟಡಗಳ ಬಾಡಿಗೆ ವ್ಯವಹಾರದಲ್ಲಿ ಕೆಲಸ ಮಾಡುತ್ತೇನೆ. ತಂತ್ರಜ್ಞಾನದ ಬಗ್ಗೆ ಅಣ್ಣ ಕೇಳಿದ್ದಕ್ಕೆ ಉತ್ತರಿಸುತ್ತೇನೆ.

ಮನೆಯಲ್ಲಿ ಕುಳಿತು ನೋಡಬಹುದಾದದ್ದು ನಿಜವಾಗಿಯೂ ಬಹಳ ಇದೆ. ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದಲ್ಲಿ ಪಹಣಿಯನ್ನೂ ಮ್ಯುಟೇಶನ್ನನ್ನೂ (ಮಾಲೀಕತ್ವ ಬದಲಾದ ದಾಖಲೆ) ನೋಡಬಹುದು. ದಿಶಾಂಕ್ ಆ್ಯಪ್ ತೆರೆದು ಜಾಗದಲ್ಲಿ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ದಲ್ಲಾಳಿ ಹೇಳಿದ ನಂಬರು ಒಂದು, ಕಾಲು ನಿಂತ ನಂಬರು ಇನ್ನೊಂದು ಎನ್ನುವುದು ಇದರಲ್ಲಿ ಕೂಡಲೇ ಗೊತ್ತಾಗುತ್ತದೆ. ಪಟ್ಟಣದ ಆಸ್ತಿಗೆ ಇ-ಆಸ್ತಿ ತಂತ್ರಾಂಶದ ಖಾತೆ (ಇ-ಖಾತಾ) ಇಲ್ಲದಿದ್ದರೆ ನೋಂದಣಿಯೇ ಮುಂದುವರಿಯುವುದಿಲ್ಲ, ಆದ್ದರಿಂದ ಮಾಲೀಕರ ಬಳಿ ಇ-ಖಾತಾ ಮೊದಲು ಕೇಳಿ. ಮಾಲೀಕರ ಹೆಸರಿನಲ್ಲಿ ನ್ಯಾಯಾಲಯದಲ್ಲಿ ದಾವೆ ಇದೆಯೇ ಎಂದು ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಿ.

ಆದರೆ ಋಣಭಾರ ಪ್ರಮಾಣಪತ್ರ ಹೇಳುವುದು ನೋಂದಣಿಯಾದ ವ್ಯವಹಾರವನ್ನು ಮಾತ್ರ. ಅಣ್ಣತಮ್ಮಂದಿರ ನಡುವಿನ ಬಾಯಿಮಾತಿನ ಪಾಲು, ನೋಂದಣಿಯಾಗದ ಕರಾರು, ನೆಲಮಹಡಿಯ ಬಾಡಿಗೆದಾರನಿಗೆ ಹಿಂದಿನ ಮಾಲೀಕರು ಕೊಟ್ಟ ಮಾತು, ಇವು ಯಾವ ಪರದೆಯ ಮೇಲೂ ಬರುವುದಿಲ್ಲ. ಇವನ್ನು ಜನರ ಜೊತೆ ಕುಳಿತೇ ತಿಳಿಯಬೇಕು.

ಇನ್ನೊಂದು ದಾರಿಯನ್ನೂ ಹೇಳಬೇಕು. ಕಟ್ಟಡವನ್ನೇ ಕೊಳ್ಳಬೇಕೆಂದಿಲ್ಲ, ಕಟ್ಟಡಗಳ ಪಾಲನ್ನು ಷೇರಿನಂತೆ ಕೊಳ್ಳಬಹುದು. ಇದಕ್ಕೆ ರೀಟ್ ಎನ್ನುತ್ತಾರೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2014ರಲ್ಲಿ ನಿಯಮ ಮಾಡಿತು. ಮೊದಲನೆಯದಾದ ಎಂಬೆಸಿ ಆಫೀಸ್ ಪಾರ್ಕ್ಸ್ 2019ರಲ್ಲಿ ಷೇರುಪೇಟೆಗೆ ಬಂತು, ಆಮೇಲೆ ಮೈಂಡ್‌ಸ್ಪೇಸ್, ಬ್ರೂಕ್‌ಫೀಲ್ಡ್ ಬಂದವು. 2023ರಲ್ಲಿ ಬಂದ ನೆಕ್ಸಸ್ ಸೆಲೆಕ್ಟ್ ಟ್ರಸ್ಟ್ ಮಾಲುಗಳದ್ದು. ಮೈಸೂರಿನಲ್ಲಿ ನಮ್ಮವರು ಬಟ್ಟೆ ಕೊಳ್ಳಲು ಹೋಗುವ ಸೆಂಟರ್ ಸಿಟಿ ಮಾಲು ಅದರೊಳಗೇ ಇದೆ. ಆಸ್ತಿಯ ಮೌಲ್ಯದಲ್ಲಿ ಕನಿಷ್ಠ ಶೇ 80ರಷ್ಟು ಕಟ್ಟಿ ಮುಗಿದು ಬಾಡಿಗೆ ಬರುತ್ತಿರುವ ಕಟ್ಟಡಗಳಲ್ಲೇ ಇರಬೇಕು, ಹಂಚಬಹುದಾದ ನಗದಿನಲ್ಲಿ ಶೇ 90ರಷ್ಟನ್ನು ಹೂಡಿಕೆದಾರರಿಗೆ ಹಂಚಲೇಬೇಕು ಎಂಬ ನಿಯಮವಿದೆ. ಒಂದೊಂದು ಯೂನಿಟ್ಟನ್ನೂ ಪೇಟೆಯಲ್ಲಿ ಕೊಂಡು ಮಾರಬಹುದು. ಏಳು ಜನರ ಒಪ್ಪಿಗೆಗೆ ಕಾಯಬೇಕಿಲ್ಲ, ಮಗಳ ಮದುವೆಗೆ ಹಣ ಬೇಕಾದವರು ತಮ್ಮ ಪಾಲನ್ನು ತಾವೇ ಮಾರಬಹುದು.

ಹಾಗೆಯೇ 10 ಲಕ್ಷ ಹಾಕಿ ಒಂದು ಕಟ್ಟಡದ ತುಣುಕು ಕೊಳ್ಳಿ ಎಂಬ ಜಾಹೀರಾತು ಮೊಬೈಲಿಗೆ ಬರುತ್ತಿರಬಹುದು. ಈ ವ್ಯವಹಾರವನ್ನು 2024ರ ಮಾರ್ಚ್‌ನಲ್ಲಿ ಸೆಬಿ ಸಣ್ಣ ಮತ್ತು ಮಧ್ಯಮ ರೀಟ್ ಎಂಬ ಹೆಸರಿನಲ್ಲಿ ನಿಯಮದೊಳಗೆ ತಂದಿತು. 50 ಕೋಟಿಯಿಂದ 500 ಕೋಟಿಯೊಳಗಿನ ಆಸ್ತಿ ಇರಬೇಕು, ಕನಿಷ್ಠ 200 ಹೂಡಿಕೆದಾರರಿರಬೇಕು. ಜಾಹೀರಾತು ಕೊಟ್ಟವರು ಸೆಬಿಯಲ್ಲಿ ನೋಂದಾಯಿತರೇ ಎಂದು ಸೆಬಿಯ ಜಾಲತಾಣದಲ್ಲೇ ನೋಡಿ. ನೋಂದಣಿ ಇಲ್ಲದವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಪೊನ್ನಂಪೇಟೆಯ ಹೋಂಸ್ಟೇ

ಅಕ್ಕ ಹೇಳಿದ್ದು ಸರಿ ಇರಬಹುದು. ಆದರೆ ಷೇರುಪೇಟೆಯಲ್ಲಿ ಯೂನಿಟ್ಟಿನ ಬೆಲೆ ಬೆಳಿಗ್ಗೆ ಒಂದು, ಸಂಜೆ ಒಂದು. ಕಣ್ಣೆದುರು ನಿಂತ ಕಟ್ಟಡದ ಧೈರ್ಯ ಅದರಲ್ಲಿ ಇಲ್ಲ. ಕೊಡಗಿನವರ ಹಣ ಕೊಡಗಿನಲ್ಲಿ ಉಳಿಯಲಿ ಎನ್ನುವುದೂ ನನ್ನ ಆಸೆ. ನಮ್ಮದೇ ಬಾಣೆಯಲ್ಲಿ (ಗದ್ದೆಗೆ ಸೇರಿದ ಎತ್ತರದ ಜಾಗದಲ್ಲಿ) ರಸ್ತೆಬದಿಗೆ ನಾಲ್ಕು ಅಂಗಡಿ ಕಟ್ಟಿದರೆ ಜಾಗದ ಖರ್ಚೇ ಇಲ್ಲವಲ್ಲ?

ನಿವೃತ್ತ ಬ್ಯಾಂಕ್ ಮ್ಯಾನೇಜರ್, ವಿರಾಜಪೇಟೆ

ಜಮ್ಮಾ ಬಾಣೆಯೇ, ಅಂದರೆ ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದದ್ದೇ? ಪಟ್ಟೆದಾರರ (ಒಕ್ಕದ ಹಿರಿಯರ) ಹೆಸರಿನ ಜೊತೆಗೆ ಒಕ್ಕದ ಎಷ್ಟು ಮಂದಿಯ ಹೆಸರು ಪಹಣಿಯಲ್ಲಿದೆ ಎಂದು ಮೊದಲು ಎಣಿಸಿ. ಎಲ್ಲರ ಸಹಿ ಸಿಗದೆ ಭೂಪರಿವರ್ತನೆಯೂ ಕಷ್ಟ, ಬ್ಯಾಂಕಿಗೆ ಅಡಮಾನವೂ ಕಷ್ಟ. ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರುವ ದಿನ ಈ ಮಾತು ಎತ್ತಿ, ಒಪ್ಪಿಗೆಯನ್ನು ಬರೆದುಕೊಂಡು, ಆಮೇಲೆ ಕಲ್ಲು ಇಳಿಸಿ. ಮೊದಲು ಕಟ್ಟಿ ಆಮೇಲೆ ಕೇಳಿದ ಕಡೆಯೆಲ್ಲ ಅಂಗಡಿಗೆ ಬೀಗ ಬಿದ್ದಿದೆ.

ಕುಶಾಲನಗರದ ಅಂಗಡಿಯವ

ಇಲ್ಲಿ ಎಲ್ಲರೂ ಮಾಲೀಕರ ಕಡೆಯಿಂದಲೇ ಮಾತನಾಡುತ್ತಿದ್ದೀರಿ. ನಾನು ಬಾಡಿಗೆ ಕಟ್ಟುವವನು. ನನ್ನ ಕಡೆಯ ಮಾತನ್ನೂ ಕೇಳಿ.

ಒಂದು ಅಂಗಡಿ ಒಂದೇ ಕಡೆ ನಿಲ್ಲುವುದು ಬಾಡಿಗೆ ಕಡಿಮೆ ಎಂದು ಮಾತ್ರ ಅಲ್ಲ. ಗಿರಾಕಿ ಸ್ಕೂಟರು ನಿಲ್ಲಿಸಲು ಜಾಗ ಬೇಕು. ಕೆಲಸದ ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕು, ಅದರಲ್ಲಿ ನೀರು ಬರಬೇಕು. ಇಡೀ ಕಟ್ಟಡಕ್ಕೆ ಒಂದೇ ಕರೆಂಟು ಮೀಟರು ಇಟ್ಟು ತಿಂಗಳ ಕೊನೆಗೆ ಅಂದಾಜಿನ ಬಿಲ್ಲು ಹಂಚುವ ಮಾಲೀಕರಿದ್ದಾರೆ. ಫ್ರಿಜ್ ಇಟ್ಟವನಿಗೂ ದರ್ಜಿಗೂ ಒಂದೇ ಲೆಕ್ಕ. ವಿದ್ಯುತ್ ಕಂಪನಿ ಸೆಸ್ಕ್‌ನಿಂದ ಪ್ರತಿ ಅಂಗಡಿಗೂ ಬೇರೆ ಮೀಟರು ತೆಗೆದುಕೊಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ನಾನು ಮೊದಲು ಇದ್ದ ಕಟ್ಟಡ ಮೂವರು ಪಾಲುದಾರರದು. ಊರು, ಹೆಸರು ಬೇಡ. ಅವರೊಳಗೆ ಮಾತು ಬಿಟ್ಟಿತು. ಒಬ್ಬರು ಐದನೇ ತಾರೀಖಿಗೆ ಬಂದು ಬಾಡಿಗೆ ನನಗೇ ಕೊಡು ಎಂದರೆ, ಇನ್ನೊಬ್ಬರು ಅವರಿಗೆ ಕೊಟ್ಟರೆ ಶಟರು ಎಳೆಯುತ್ತೇನೆ ಎಂದರು. ಮಳೆಗೆ ಛಾವಣಿ ಸೋರಿ ನನ್ನ ಸಾಮಾನು ಹಾಳಾಯಿತು. ಯಾರಿಗೆ ಹೇಳಲಿ? ಒಬ್ಬರು ರಿಪೇರಿ ಮಾಡಿಸಲು ಹೊರಟರೆ ಇನ್ನೊಬ್ಬರು ಬಿಲ್ಲಿಗೆ ಸಹಿ ಹಾಕುವುದಿಲ್ಲ. ಅಂಗಡಿ ಬಿಟ್ಟು ಬಂದೆ, ಮುಂಗಡ ಪೂರ್ತಿ ಇನ್ನೂ ಬಂದಿಲ್ಲ. ಆದ್ದರಿಂದ ಅಣ್ಣ, ನೀವು ಏಳು ಮಂದಿ ಎಂದಾಗ ಬಾಡಿಗೆದಾರನ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ನಾನು ಯಾರಿಗೆ ಫೋನ್ ಮಾಡಬೇಕು?

ಸಹಕಾರ ಸಂಘದ ನಿರ್ದೇಶಕಿ, ಸೋಮವಾರಪೇಟೆ ತಾಲೂಕು

ಅಂಗಡಿಯವರು ಹೇಳಿದ ಮಾತಿಗಾಗಿಯೇ ಬರೆಯುತ್ತಿದ್ದೇನೆ. ನಮ್ಮ ಕೃಷಿ ಪತ್ತಿನ ಸಂಘಕ್ಕೆ ಬಾಡಿಗೆ ಮಳಿಗೆಗಳಿವೆ. ಅದನ್ನು ನಡೆಸಿದ ಅನುಭವದಿಂದ ಹೇಳುತ್ತೇನೆ, ಕಟ್ಟಡಕ್ಕಿಂತ ಮೊದಲು ಗುಂಪಿನ ಕಟ್ಟುಪಾಡು ಬೇಕು.

ನಮ್ಮಲ್ಲಿ ಬಾಡಿಗೆ ಬರುವುದು ಸಂಘದ ಖಾತೆಗೆ ಮಾತ್ರ, ಯಾರ ಕೈಗೂ ಅಲ್ಲ. ಈಗ ಯುಪಿಐ ಫಲಕ ಇಟ್ಟ ಮೇಲೆ ಬಾಡಿಗೆದಾರರು ಒಂದನೇ ತಾರೀಖಿಗೇ ಕಟ್ಟುತ್ತಾರೆ. ಬಂದ ಬಾಡಿಗೆಯಲ್ಲಿ ಒಂದು ಭಾಗವನ್ನು ರಿಪೇರಿಗೆಂದು ಬೇರೆ ಖಾತೆಗೆ ತೆಗೆದಿಡುತ್ತೇವೆ, ಲಾಭಾಂಶ ಹಂಚುವುದು ಅದಾದ ಮೇಲೆ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಛಾವಣಿ, ಚರಂಡಿ ನೋಡಿಸಿ ಫೋಟೋ ಸಮೇತ ವರದಿ ಇಡುತ್ತೇವೆ. ಸಣ್ಣ ಖರ್ಚಿಗೆ ಕಾರ್ಯದರ್ಶಿಯೇ ಸಾಕು, ದೊಡ್ಡದಕ್ಕೆ ಸಭೆ.

ಮುಂದಾಳು ಒಬ್ಬರೇ ಇರಬೇಕು, ಆದರೆ ಅವರ ಲೆಕ್ಕದ ಪುಸ್ತಕ ಎಲ್ಲರಿಗೂ ತೆರೆದಿರಬೇಕು. ಗಟ್ಟಿ ಧ್ವನಿಯವರನ್ನೋ ಹೆಚ್ಚು ತೋಟ ಇರುವವರನ್ನೋ ಆರಿಸಬೇಡಿ. ಫೋನ್ ಎತ್ತುವವರನ್ನು, ರಸೀದಿ ಇಡುವವರನ್ನು, ಇಲ್ಲ ಎಂದು ಹೇಳಬಲ್ಲವರನ್ನು ಆರಿಸಿ. 2020ರ ಲಾಕ್‌ಡೌನಿನಲ್ಲಿ ಬಾಡಿಗೆದಾರರೆಲ್ಲ ಬಂದು ವಿನಾಯಿತಿ ಕೇಳಿದರು. ನಮ್ಮ ಸಭೆಯಲ್ಲಿ ಎರಡು ಪಕ್ಷವಾಯಿತು. ಆಗಿನ ಅಧ್ಯಕ್ಷರು ಎಲ್ಲ ಮಳಿಗೆಗಳ ಹಳೆಯ ಪಾವತಿಯ ಪಟ್ಟಿಯನ್ನು ಮೇಜಿನ ಮೇಲಿಟ್ಟು, ತಪ್ಪದೆ ಕಟ್ಟಿಕೊಂಡು ಬಂದವರಿಗೆ ಮುಚ್ಚಿದ ತಿಂಗಳುಗಳಷ್ಟಕ್ಕೆ ವಿನಾಯಿತಿ, ಉಳಿದವರಿಗೆ ಕಂತು ಎಂದರು. ಒಬ್ಬ ಬಾಡಿಗೆದಾರನೂ ಬಿಟ್ಟು ಹೋಗಲಿಲ್ಲ. ನಾನು ಮುಂದಾಳುತನವನ್ನು ಕಲಿತದ್ದು ಅಲ್ಲಿ.

ಇನ್ನೊಂದು ಮುಖ್ಯ ಷರತ್ತು, ಬಿಟ್ಟುಹೋಗುವವರದ್ದು. ಒಬ್ಬರಿಗೆ ತುರ್ತಾಗಿ ಹಣ ಬೇಕಾದರೆ ಅವರ ಪಾಲಿಗೆ ಬೆಲೆ ಯಾರು ಕಟ್ಟಬೇಕು, ಉಳಿದವರು ಎಷ್ಟು ತಿಂಗಳೊಳಗೆ ಕೊಡಬೇಕು, ಒಬ್ಬರು ತೀರಿಕೊಂಡರೆ ಮಕ್ಕಳು ಒಳಗೆ ಬರುತ್ತಾರೆಯೇ? ಎಲ್ಲರೂ ನಗುನಗುತ್ತಾ ಇರುವಾಗಲೇ ಇದನ್ನು ಬರೆದುಬಿಡಿ.

ಲೆಕ್ಕಪರಿಶೋಧಕ, ಮೈಸೂರು

ನಿರ್ದೇಶಕಿಯವರ ಮಾತಿಗೆ ಕಾನೂನಿನ ರೂಪ ಕೊಡುವುದಾದರೆ ಎರಡು ದಾರಿ ಇವೆ. ಏಳು ಜನರೂ ಕ್ರಯಪತ್ರದಲ್ಲಿ ತಮ್ಮ ತಮ್ಮ ಪಾಲಿನ ಪ್ರಮಾಣ ಬರೆಸಿ ಸಹಮಾಲೀಕರಾಗಬಹುದು. ಆಗ ಬಾಡಿಗೆ ಅವರವರ ಆದಾಯಕ್ಕೆ ಸೇರಿ ಅವರವರ ದರದಲ್ಲಿ ತೆರಿಗೆಯಾಗುತ್ತದೆ. ಆದರೆ ಸಹಮಾಲೀಕರಲ್ಲಿ ಯಾರು ಬೇಕಾದರೂ ವಿಭಾಗಕ್ಕೆ ದಾವೆ ಹೂಡಬಹುದು. ಇನ್ನೊಂದು, 2008ರ ಕಾಯ್ದೆಯಡಿ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಮಾಡಿಕೊಳ್ಳುವುದು. ಆಗ ಕಟ್ಟಡ ಸಂಸ್ಥೆಯದಾಗುತ್ತದೆ, ಪಾಲುದಾರರು ಬಂದುಹೋಗುವ ನಿಯಮವನ್ನು ಒಪ್ಪಂದದಲ್ಲೇ ಬರೆಯಬಹುದು, ಆದರೆ ತೆರಿಗೆ ನೇರವಾಗಿ ಶೇ 30, ಪ್ರತಿ ವರ್ಷ ವಿವರ ಸಲ್ಲಿಸುವ ಖರ್ಚು ಬೇರೆ. ನಿಮ್ಮ ಗಾತ್ರಕ್ಕೆ ಸಹಮಾಲೀಕತ್ವದ ಜೊತೆ ಒಂದು ಗಟ್ಟಿಯಾದ ಒಪ್ಪಂದಪತ್ರ ಸಾಕೆನಿಸುತ್ತದೆ. ಕಾಫಿಯ ಕೃಷಿ ಆದಾಯಕ್ಕೆ ಇರುವ ವಿನಾಯಿತಿ ಬಾಡಿಗೆಗೆ ಇಲ್ಲ, ಬೆಳೆಗಾರರು ಇದನ್ನು ಮರೆಯಬಾರದು. ಆಸ್ತಿ ತೆರಿಗೆ ಕಳೆದ ಮೇಲೆ ಬಾಡಿಗೆಯ ಶೇ 30ರಷ್ಟನ್ನು ಕಾನೂನೇ ಕಡಿತ ಕೊಡುತ್ತದೆ, ಉಳಿದದ್ದಕ್ಕೆ ತೆರಿಗೆ.

ಬೆಂಗಳೂರಿನಲ್ಲಿರುವ ಗೋಣಿಕೊಪ್ಪದವಳು

ಬಾಡಿಗೆ ಕರಾರುಗಳನ್ನು ಯಾರೂ ಕೇಳಲಿಲ್ಲ. ವಾಣಿಜ್ಯ ಕಟ್ಟಡದಲ್ಲಿ ನೀವು ಕೊಳ್ಳುವುದು ಗೋಡೆಯನ್ನಲ್ಲ, ಆ ಕರಾರನ್ನು. ಆ ಹಣಕಾಸು ಸಂಸ್ಥೆಯ ಕರಾರು ಎಷ್ಟು ವರ್ಷದ್ದು? ಬೆಂಗಳೂರಿನ ಕಚೇರಿಗಳಲ್ಲಿ ಸಾಮಾನ್ಯವಾಗಿ ಒಂಬತ್ತು ವರ್ಷದ ಕರಾರು, ಮೊದಲ ಮೂರು ವರ್ಷ ಬಾಡಿಗೆದಾರ ಬಿಡುವಂತಿಲ್ಲ, ಪ್ರತಿ ಮೂರು ವರ್ಷಕ್ಕೆ ಶೇ 15 ಏರಿಕೆ ಎಂದು ಇರುತ್ತದೆ. ನಮ್ಮ ಊರುಗಳಲ್ಲಿ 11 ತಿಂಗಳ ಕರಾರನ್ನೇ ವರ್ಷವರ್ಷ ತಿರುಗಿಸುತ್ತಾರೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕು, ಆ ಖರ್ಚು ಉಳಿಸಲು ಹೀಗೆ ಮಾಡುತ್ತಾರೆ. ಅಂಥ ಕರಾರಿನ ಮೇಲೆ 2 ಕೋಟಿಗೂ ಹೆಚ್ಚು ಹಣ ಹಾಕುವುದು ದೊಡ್ಡ ಅಪಾಯ. ನೀವು ಕೊಂಡ ಮರುತಿಂಗಳು ಸಂಸ್ಥೆ ಎದ್ದುಹೋದರೆ ಸಾರ್ ಹೇಳಿದ ಶೇ 3 ಕೂಡ ಇರುವುದಿಲ್ಲ.

ಎರಡನೇ ಮಹಡಿಗೆ ಜನ ಹುಡುಕುವುದು ಪರಿಚಯದ ಕೆಲಸ. ಕೊಡವ ಕುಟುಂಬಗಳ ತಂಡಗಳು ಆಡುವ ಕೌಟುಂಬಿಕ ಹಾಕಿ ಹಬ್ಬಕ್ಕೆ ಊರಿಗೆ ಬರುವವರಲ್ಲಿ ಬ್ಯಾಂಕು, ವಿಮೆ, ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಎಷ್ಟಿಲ್ಲ? 1997ರಲ್ಲಿ ಕರಡದಲ್ಲಿ ಶುರುವಾದ ಆ ಹಬ್ಬದಂಥ ಸಂಪರ್ಕಜಾಲ ಬೇರೆ ಜಿಲ್ಲೆಗಳಿಗೆ ಇಲ್ಲ. ಗ್ಯಾಲರಿಯಲ್ಲಿ ಕುಳಿತಾಗ ನಿಮ್ಮ ಸಂಸ್ಥೆಗೆ ಕುಶಾಲನಗರದಲ್ಲಿ ಜಾಗ ಬೇಕೇ ಎಂದು ನೇರವಾಗಿ ಕೇಳಿ. ಬ್ಯಾಂಕುಗಳು ಶಾಖೆಗೆ ಜಾಗ ಬೇಕೆಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತವೆ, ತಾಂತ್ರಿಕ ವಿವರ ಒಂದು ಲಕೋಟೆಯಲ್ಲಿ, ಬಾಡಿಗೆ ದರ ಇನ್ನೊಂದರಲ್ಲಿ. ಆದರೆ ಬ್ಯಾಂಕಿಗೆ ನೆಲಮಹಡಿ ಇಷ್ಟ. ಎರಡನೇ ಮಹಡಿಗೆ ಟ್ಯೂಷನ್ ಕೇಂದ್ರವೋ ಲೆಕ್ಕಪತ್ರದ ಕಚೇರಿಯೋ ಬರಬಹುದು. ಲಿಫ್ಟ್ ಇದೆಯೇ?

ನಾಪೋಕ್ಲು ಬೆಳೆಗಾರ

ಲಿಫ್ಟ್ ಇಲ್ಲ ಅಕ್ಕ. ಅದಕ್ಕೇ ಖಾಲಿ ಇರಬೇಕು.

ನಿನ್ನೆ ಏಳೂ ಜನ ಕುಳಿತು ಇದನ್ನೆಲ್ಲ ಓದಿದೆವು. ಕರಾರುಗಳ ಪ್ರತಿ ಕೇಳಿದಾಗ ಮಾಲೀಕರು ನಾಲ್ಕು ಅಂಗಡಿಗಳಲ್ಲಿ ಎರಡರದ್ದು ಮಾತ್ರ ಕೊಟ್ಟರು, ಹಣಕಾಸು ಸಂಸ್ಥೆಯದು 11 ತಿಂಗಳದ್ದು, ಮುಗಿಯಲು ಹೆಚ್ಚು ದಿನ ಇಲ್ಲ. ಈ ಬೆಲೆಗೆ ಬೇಡ ಎಂದು ಹೇಳಿ ಬಂದೆವು. ಮುಂಗಡ ಕೊಟ್ಟಿರಲಿಲ್ಲ. ಗುಂಪನ್ನು ಮುರಿಯುವುದಿಲ್ಲ. ನಮ್ಮಲ್ಲಿ ಒಬ್ಬರು ಶಾಲೆಯಲ್ಲಿ ಲೆಕ್ಕದ ಮೇಷ್ಟರಾಗಿದ್ದವರು, ಅವರನ್ನೇ ಮುಂದಾಳಾಗಿ ಆರಿಸಿದ್ದೇವೆ, ಒಪ್ಪಂದಪತ್ರದ ಕರಡನ್ನು ಬರೆಯುತ್ತಿದ್ದಾರೆ. ಮೂವರು ತಮ್ಮ ಪಾಲಿನ ಸ್ವಲ್ಪ ಹಣವನ್ನು ರೀಟ್‌ನಲ್ಲಿ ಹಾಕಿ ನೋಡುತ್ತಾರಂತೆ. ಉಳಿದವರು ಜುಲೈವರೆಗೆ ಕಾದು, ಮಳೆಯಲ್ಲೇ ಇನ್ನೆರಡು ಕಟ್ಟಡ ನೋಡುತ್ತೇವೆ. ಸಿವಿಲ್ ಅಣ್ಣ, ಆಗ ನೀವೂ ಬರಬೇಕು.

ಲೆಕ್ಕಪರಿಶೋಧಕರಿಗೆ ಒಂದು ಪ್ರಶ್ನೆ ಉಳಿದಿದೆ. ನಮ್ಮ ಬಾಡಿಗೆಗೆ ಜಿಎಸ್‌ಟಿ ಬರುತ್ತದೆಯೇ?

ಮಡಿಕೇರಿ ಸಿವಿಲ್

ಖಂಡಿತ ಬರುತ್ತೇನೆ. ಏಣಿ ಸಿಗುವಂತೆ ನೋಡಿಕೊಳ್ಳಿ, ಛಾವಣಿ ಹತ್ತಬೇಕು.

ಲೆಕ್ಕಪರಿಶೋಧಕ, ಮೈಸೂರು

ವಾಣಿಜ್ಯ ಬಾಡಿಗೆಗೆ ಜಿಎಸ್‌ಟಿ ಶೇ 18. ಸಹಮಾಲೀಕರಾದರೆ ಒಬ್ಬೊಬ್ಬರ ಪಾಲನ್ನು ಬೇರೆಯಾಗಿ ನೋಡುತ್ತಾರೆ. ತೆರಿಗೆ ವಿನಾಯಿತಿ ಇರುವ ವ್ಯವಹಾರವೂ ಸೇರಿ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ದಾಟದವರು ನೋಂದಣಿ ಮಾಡಿಸಬೇಕಿಲ್ಲ. ಆದರೆ 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದ ಮಾಲೀಕರಿಂದ ಬಾಡಿಗೆಗೆ ಪಡೆದ ನೋಂದಾಯಿತ ಬಾಡಿಗೆದಾರ ತಾನೇ ತೆರಿಗೆ ಕಟ್ಟಬೇಕು. ರಾಜಿ ತೆರಿಗೆಯಲ್ಲಿರುವ (ವಹಿವಾಟಿನ ಮೇಲೆ ಸರಳ ದರದಲ್ಲಿ ಜಿಎಸ್‌ಟಿ ಕಟ್ಟುವ) ಸಣ್ಣ ಅಂಗಡಿಯವರನ್ನು ಆಮೇಲೆ ಇದರಿಂದ ಹೊರಗಿಟ್ಟಿದ್ದಾರೆ. ಕರಾರು ಬರೆಯುವಾಗ ಬಾಡಿಗೆದಾರರು ಯಾವ ವರ್ಗಕ್ಕೆ ಸೇರಿದವರು ಎಂದು ಕೇಳಿ ಅದರಲ್ಲೇ ನಮೂದಿಸಿ. ಒಪ್ಪಂದಪತ್ರದ ಕರಡು ಸಿದ್ಧವಾದಾಗ ಹೆಸರುಗಳನ್ನು ತೆಗೆದು ಇಲ್ಲಿ ಹಾಕಿ, ಷರತ್ತುಗಳನ್ನು ನಿರ್ದೇಶಕಿಯವರೂ ನಾನೂ ನೋಡುತ್ತೇವೆ.